ಕೈಗೆ ಕೆಲಸ, ಕಿವಿಗೆ ಮಾತು: ಕನ್ನಡದಲ್ಲಿ ಪಾಡ್‌ಕಾಸ್ಟ್ ಶುರು ಮಾಡುವವರಿಗೆ

1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಒಂದು ಬಾನುಲಿ ಕೇಂದ್ರ ನಡೆಸತೊಡಗಿದರು. 'ಆಕಾಶವಾಣಿ' ಎಂಬ ಹೆಸರು ದೇಶದ ರೇಡಿಯೊಗೆ ಬಂದದ್ದು ಆ ಕೇಂದ್ರದಿಂದ. ಅವರಿಗೆ ಟ್ರಾನ್ಸ್‌ಮಿಟರ್ ಬೇಕಾಗಿತ್ತು, ಅದನ್ನು ನಡೆಸುವ ಖರ್ಚು ಹೊಂದಿಸಬೇಕಾಗಿತ್ತು. ಇವತ್ತು ಶಿರಸಿಯ ತೋಟದ ಮನೆಯಲ್ಲಿ ಕೂತವರಿಗೂ ಕ್ಯಾಲಿಫೋರ್ನಿಯಾದ ಅಪಾರ್ಟ್‌ಮೆಂಟಿನಲ್ಲಿ ಕೂತವರಿಗೂ ಆ ಎರಡೂ ಬೇಡ. ಒಂದು ಫೋನು, ಇಂಟರ್ನೆಟ್ಟು, ಸದ್ದಿಲ್ಲದ ಒಂದು ಗಂಟೆ ಸಿಕ್ಕರೆ ಲೋಕದ ಯಾವ ಮೂಲೆಯ ಕನ್ನಡಿಗರಿಗಾದರೂ ಕೇಳುವಂತೆ ಮಾತಾಡಬಹುದು. ಹಾಗಿದ್ದೂ ಶುರುವಾದ ಪಾಡ್‌ಕಾಸ್ಟ್‌ಗಳಲ್ಲಿ ಅನೇಕವು ಐದಾರು ಕಂತಿಗೆ ನಿಂತುಬಿಡುತ್ತವೆ. ಒಳ್ಳೆಯ ಮೈಕ್ ಇರಲಿಲ್ಲ ಎಂಬ ಕಾರಣಕ್ಕೆ ನಿಂತದ್ದು ಕಡಿಮೆ. ಯಾರಿಗೆ ಹೇಳುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ಮಾತು ಬತ್ತಿ ಹೋದದ್ದೇ ಹೆಚ್ಚು.

ಆದ್ದರಿಂದ ಸಲಕರಣೆಗಿಂತ ಮೊದಲು ಕೇಳುಗರನ್ನು ನೋಡೋಣ. ಪಾಡ್‌ಕಾಸ್ಟ್ ಕೇಳುವವರು ಸುಮ್ಮನೆ ಕೂತು ಕೇಳುವುದು ಅಪರೂಪ. ಒಬ್ಬರು ಪಾತ್ರೆ ತೊಳೆಯುತ್ತಿರುತ್ತಾರೆ, ಇನ್ನೊಬ್ಬರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿರುತ್ತಾರೆ, ಮತ್ತೊಬ್ಬರು ಅಡಿಕೆ ಸುಲಿಯುತ್ತಿರುತ್ತಾರೆ. ಕೈಗೂ ಕಣ್ಣಿಗೂ ಬೇರೆ ಕೆಲಸವಿದೆ, ಬಿಡುವಾಗಿರುವುದು ಕಿವಿ ಮಾತ್ರ. ಅವರು ಹಿಂದಕ್ಕೆ ಎಳೆದು ಮತ್ತೊಮ್ಮೆ ಕೇಳುವುದಿಲ್ಲ. ಅರ್ಥವಾಗದಿದ್ದರೆ ಬೇಸರಿಸಿ ಬೇರೆಯದಕ್ಕೆ ಹೋಗುತ್ತಾರೆ. ಈ ಮನುಷ್ಯ ಕಣ್ಣ ಮುಂದಿದ್ದರೆ ವಿಷಯ, ಭಾಷೆ, ಮೈಕು, ಎಡಿಟಿಂಗು ಎಲ್ಲದರ ತೀರ್ಮಾನವೂ ಸಲೀಸು. ಯಶಸ್ಸು ಎಂದು ನಾನು ಕರೆಯುವುದೂ ಇವರನ್ನು ಇಟ್ಟುಕೊಂಡೇ. ಒಂದಷ್ಟು ಜನ ಮುಂದಿನ ಕಂತಿಗಾಗಿ ಕಾಯುವಂತಾದರೆ ಆ ಪಾಡ್‌ಕಾಸ್ಟ್ ಗೆದ್ದಿದೆ, ಅವರು ಇನ್ನೂರೇ ಜನ ಇದ್ದರೂ.

ಯಾರಿಗಾಗಿ, ಯಾವುದರ ಬಗ್ಗೆ?

'ಬದುಕಿನ ಬಗ್ಗೆ ಮಾತಾಡ್ತೀವಿ', 'ಎಲ್ಲಾ ವಿಷಯಾನೂ ಹರಟ್ತೀವಿ' ಎಂದು ಹೊರಟವರಿಗೆ ಗೆಳೆಯರು ಕೇಳುಗರಾಗುತ್ತಾರೆ, ಗೆಳೆಯರ ಆಚೆಗೆ ಯಾರೂ ಬರುವುದಿಲ್ಲ. ವಿಷಯ ಕಿರಿದಾದಷ್ಟೂ ಒಳ್ಳೆಯದು. ಅಡಿಕೆ ಬೆಳೆಗಾರರಿಗಾಗಿ ಒಂದು ಪಾಡ್‌ಕಾಸ್ಟ್ ಮಾಡುತ್ತೀರಿ ಎಂದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಮೈಲುತುತ್ತ ಮತ್ತು ಸುಣ್ಣದ ಹದ, ಎಲೆಚುಕ್ಕಿ ರೋಗ, ಮರ ಹತ್ತುವ ಕೊನೆಗೌಡರ ಕೊರತೆ, ದೋಟಿಯಿಂದ ಕೊಯ್ಲು, ರಾಶಿ ಮಾಡುವುದೋ ಚಾಲಿ ಮಾಡುವುದೋ ಎಂಬ ಲೆಕ್ಕ, ತೋಟದ ನಡುವೆ ಕಾಳುಮೆಣಸು, 1973ರಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಕಥೆ. ಬೆರಳು ಮಡಚುವಷ್ಟರಲ್ಲಿ ಎಂಟು ಕಂತು ಸಿಕ್ಕಿತು. ಇಷ್ಟೇ ಸಮೃದ್ಧವಾದ ಇನ್ನೊಂದು ಗಣಿ ಜಮೀನಿನ ಕಾಗದಪತ್ರ: ಪಹಣಿ, ಪೋಡಿ, ಮ್ಯುಟೇಶನ್, ಇ-ಖಾತೆ ಇವನ್ನು ತಾಳ್ಮೆಯಿಂದ ಬಿಡಿಸಿ ಹೇಳುವ ನಿವೃತ್ತ ಕಂದಾಯ ಅಧಿಕಾರಿಗೆ ಕೇಳುಗರ ಬರವಿಲ್ಲ. ಹೊರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಹತ್ತು ನಿಮಿಷದ ಕನ್ನಡ ಕಥೆ ಹೇಳುವ ಅಜ್ಜಿಗೂ ಇಲ್ಲ.

ಕನ್ನಡದಲ್ಲಿ ಗಂಭೀರ ವಿಷಯ ಓಡುವುದಿಲ್ಲ ಎಂಬ ಮಾತನ್ನು ನಂಬಬೇಡಿ. 2018ರಲ್ಲಿ ಶುರುವಾದ 'ತಲೆ-ಹರಟೆ ಕನ್ನಡ ಪಾಡ್‌ಕಾಸ್ಟ್' ಸಾರ್ವಜನಿಕ ನೀತಿ, ವಿಜ್ಞಾನ, ಸಂಸ್ಕೃತಿಯಂಥ ವಿಷಯಗಳನ್ನು ಅತಿಥಿಗಳ ಜೊತೆ ಕನ್ನಡದಲ್ಲೇ ಚರ್ಚಿಸಿತು, ಅದೂ ಆಡುಮಾತಿನ ಸಲಿಗೆಯಲ್ಲಿ.

ನಿಮ್ಮ ವಿಷಯ ಗಟ್ಟಿಯೋ ಅಲ್ಲವೋ ತಿಳಿಯಲು ಒಂದು ಹಾಳೆಯಲ್ಲಿ ಹನ್ನೆರಡು ಕಂತುಗಳ ಹೆಸರು ಬರೆಯಿರಿ. ಪ್ರತಿಯೊಂದರ ಕೆಳಗೆ, ಕೇಳಿದವರಿಗೆ ಇದರಿಂದ ಏನು ಸಿಗುತ್ತದೆ ಎಂದು ಒಂದು ಸಾಲು. ಐದಕ್ಕೇ ಪೆನ್ನು ನಿಂತರೆ ವಿಷಯವನ್ನು ಬದಲಿಸಿ. ಮೂವತ್ತಾದರೂ ನಿಲ್ಲದಿದ್ದರೆ ವಿಷಯ ಬಹಳ ಅಗಲವಾಗಿದೆ, ಒಂದು ಭಾಗವನ್ನು ಕತ್ತರಿಸಿ ಇಟ್ಟುಕೊಳ್ಳಿ.

ಹೆಸರು ಚಿಕ್ಕದಿರಲಿ, ಹೇಳಲು ಸುಲಭವಿರಲಿ. ಅದೇ ಹೆಸರಿನದು ಈಗಾಗಲೇ ಇದೆಯೇ ಎಂದು ಸ್ಪಾಟಿಫೈ, ಯೂಟ್ಯೂಬ್‌ಗಳಲ್ಲಿ ಹುಡುಕಿ ನೋಡಿ. ನಮ್ಮ ಜನ ಕನ್ನಡದ್ದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದು ರೂಢಿ. ಹೆಸರು ಕನ್ನಡ ಲಿಪಿಯಲ್ಲಿರಲಿ, ಜೊತೆಗೆ ವಿವರಣೆಯಲ್ಲಿ ರೋಮನ್ ಅಕ್ಷರದಲ್ಲೂ ಒಮ್ಮೆ ಬರೆದಿಡಿ.

ಕಿವಿಗೆ ಒಪ್ಪುವ ಕನ್ನಡ

ಬರೆದ ಕನ್ನಡವನ್ನು ಹಾಗೇ ಓದಿದರೆ ಎರಡನೇ ನಿಮಿಷಕ್ಕೆ ಕೇಳುಗರ ಗಮನ ಬೇರೆಡೆಗೆ ಹೋಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. 'ಸರ್ಕಾರ ಕಳೆದ ವರ್ಷ ಹೊರಡಿಸಿದ ಆದೇಶದ ಪ್ರಕಾರ ಅರ್ಜಿ ಸಲ್ಲಿಸಿ, ಶುಲ್ಕ ಪಾವತಿಸಿ, ದಾಖಲೆಗಳನ್ನು ಒದಗಿಸಿದ ರೈತರಿಗೆ' ಎಂದು ಹೋಗುತ್ತಿದ್ದರೆ, ರೈತರಿಗೆ ಏನಾಯಿತು ಎಂದು ತಿಳಿಯುವಷ್ಟರಲ್ಲಿ ಆರಂಭ ಮರೆತಿರುತ್ತದೆ. ಕಣ್ಣು ಮೇಲಿನ ಸಾಲಿಗೆ ಹೋಗಿ ಬರಬಲ್ಲದು, ಕಿವಿಗೆ ಆ ಸೌಲಭ್ಯ ಇಲ್ಲ. ವಾಕ್ಯ ಮುರಿಯಿರಿ. 'ಹೋದ ವರ್ಷ ಒಂದು ಆದೇಶ ಬಂತು. ಅರ್ಜಿ ಹಾಕಿದ ರೈತರಿಗೆ ದುಡ್ಡು ಬರಬೇಕಿತ್ತು. ಬಂತಾ?' ಎಂದರೆ ಪಾತ್ರೆ ತೊಳೆಯುವ ಕೈಯೂ ಒಂದು ಕ್ಷಣ ನಿಲ್ಲುತ್ತದೆ. ಅಂಕಿಗಳನ್ನು ದುಂಡಗೆ ಹೇಳಿ, ಒಂದು ಉಸಿರಿಗೆ ಒಂದೇ ಅಂಕಿ.

ನಿಮ್ಮ ಊರಿನ ಮಾತನ್ನು ಮೈಕ್ ಮುಂದೆ ಬಚ್ಚಿಡಬೇಡಿ. ಧಾರವಾಡದವರು ಧಾರವಾಡದ ಧಾಟಿಯಲ್ಲಿ, ಕುಂದಾಪುರದವರು ಕುಂದಾಪುರದ ಧಾಟಿಯಲ್ಲಿ, ಚಾಮರಾಜನಗರದವರು ತಮ್ಮ ಮಾತಿನಲ್ಲಿ ಹೇಳಲಿ. ವಾರ್ತೆ ಓದುವವರ ದನಿಯನ್ನು ತಂದುಕೊಂಡ ಕೂಡಲೇ ಆತ್ಮೀಯತೆ ಹೋಗುತ್ತದೆ. 'ಎಲ್ಲಾ ಕೇಳುಗ ಬಂಧುಗಳಿಗೆ' ಎಂದು ಸಭೆಯನ್ನು ಉದ್ದೇಶಿಸಿ ಮಾತಾಡುವುದೂ ಬೇಡ. ಇಯರ್‌ಫೋನ್ ಹಾಕಿಕೊಂಡವರು ಯಾವಾಗಲೂ ಒಬ್ಬರೇ. 'ನೀವು' ಎಂದರೆ ಸಾಕು.

ಇಡೀ ಮಾತನ್ನು ಬರೆದುಕೊಳ್ಳಬೇಕೇ, ಟಿಪ್ಪಣಿ ಸಾಕೇ? ಮೊದಲ ಹತ್ತು ವಾಕ್ಯ, ಕೊನೆಯ ನಾಲ್ಕು ವಾಕ್ಯ ಪೂರ್ತಿ ಬರೆದುಕೊಳ್ಳಿ, ನಡುವಿನದಕ್ಕೆ ಟಿಪ್ಪಣಿ ಇರಲಿ. ಶುರುವಿನಲ್ಲಿ ತಡವರಿಸಿದರೆ ಕೇಳುಗರು ಉಳಿಯುವುದಿಲ್ಲ, ಕೊನೆಯಲ್ಲಿ ತಡವರಿಸಿದರೆ ನಿಮಗೇ ಮುಗಿಸಲು ಬರುವುದಿಲ್ಲ. ಎರಡು ನಿಮಿಷದ ಶೀರ್ಷಿಕೆ ಸಂಗೀತ, ಸ್ವಾಗತ, ಪರಿಚಯ, 'ಲೈಕ್ ಮಾಡಿ' ಎಂಬ ಕೋರಿಕೆ ಇವೆಲ್ಲ ಮುಂದೆ ನಿಂತರೆ ವಿಷಯ ಹಿಂದೆ ಕಾಯುತ್ತಿರುತ್ತದೆ. ಮೊದಲ ಅರ್ಧ ನಿಮಿಷದೊಳಗೆ ವಿಷಯ ಬರಲಿ, ಹೆಸರು ಆಮೇಲೆ ಹೇಳಿ.

ಮಾತಿನಿಂದಲೇ ಕಥೆ ಕಟ್ಟುವುದು ನಮಗೆ ಹೊಸದೇನಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡಿನ ನಡುವೆ ಅರ್ಥಧಾರಿಗಳು ಕೂತಲ್ಲೇ ಕೂತು ಇಡೀ ಪ್ರಸಂಗವನ್ನು ಮಾತಿನಲ್ಲಿ ನಿಲ್ಲಿಸುತ್ತಾರೆ. ಸಂದರ್ಶನ ಮಾಡಹೊರಟವರು ಒಂದೆರಡು ಒಳ್ಳೆಯ ತಾಳಮದ್ದಳೆಗಳನ್ನು ಕೇಳಲೇಬೇಕು ಎಂದು ನಾನು ಹೇಳುತ್ತೇನೆ. ಎದುರಿನವರು ಹೇಳಿದ ಕೊನೆಯ ಮಾತನ್ನು ಹಿಡಿದು ಮುಂದಿನ ಪ್ರಶ್ನೆ ಎಬ್ಬಿಸುವ ಕಲೆ ಅಲ್ಲಿರುವಷ್ಟು ಬೇರೆಲ್ಲೂ ಸಿಗುವುದು ಕಷ್ಟ.

ಕೋಣೆ ಮೊದಲು, ಮೈಕ್ ಆಮೇಲೆ

ಹೊಸಬರ ದುಡ್ಡು ಹೆಚ್ಚು ಪೋಲಾಗುವುದು ಇಲ್ಲಿ. ಹತ್ತು ಸಾವಿರದ ಕಂಡೆನ್ಸರ್ ಮೈಕ್ ತಂದು, ಟೈಲ್ಸ್ ನೆಲದ ಖಾಲಿ ಹಾಲ್‌ನಲ್ಲಿ ಇಟ್ಟು ಮಾತಾಡಿದರೆ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ಬೋಳು ಗೋಡೆ, ಗಾಜು, ನುಣುಪು ನೆಲ ಧ್ವನಿಯನ್ನು ಹೀರದೆ ವಾಪಸು ಕಳಿಸುತ್ತವೆ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಆ ವಾಪಸು ಬಂದದ್ದನ್ನೆಲ್ಲ ಹಿಡಿದುಕೊಳ್ಳುತ್ತದೆ. ಡೈನಮಿಕ್ ಮೈಕ್ ಹತ್ತಿರದ ಮಾತನ್ನು ಹಿಡಿದು ದೂರದ ಸದ್ದನ್ನು ಬಹುಪಾಲು ಬಿಡುವುದರಿಂದ ನಮ್ಮ ಮನೆಗಳಿಗೆ ಅದೇ ಸರಿ.

ಮನೆಯ ಅತಿ ಚಿಕ್ಕ, ಅತಿ ತುಂಬಿದ ಕೋಣೆ ಹುಡುಕಿ. ಹಾಸಿಗೆ, ಬಟ್ಟೆ ತುಂಬಿದ ತೆರೆದ ಬೀರು, ದಪ್ಪ ಪರದೆ ಇದ್ದರೆ ಅದೇ ಸ್ಟುಡಿಯೊ. ಬೆನ್ನ ಹಿಂದೆ ಕೌದಿಯನ್ನೋ ಕಂಬಳಿಯನ್ನೋ ಇಳಿಬಿಡಿ, ಮೇಜಿನ ಮೇಲೆ ಮಡಿಸಿದ ಬೆಡ್‌ಶೀಟ್ ಹಾಸಿ. ಒಮ್ಮೆ ಚಪ್ಪಾಳೆ ತಟ್ಟಿ: ಸದ್ದಿನ ಹಿಂದೆ ಝೇಂಕಾರ ಉಳಿಯದಿದ್ದರೆ ಕೋಣೆ ಸಿದ್ಧ. ಫ್ಯಾನ್ ಆರಿಸಿ, ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೆ ಅದರ ಗುಂಯ್‌ಗುಡುವಿಕೆಯನ್ನೂ ಗಮನಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕುಕ್ಕರ್ ಸೀಟಿ, ತರಕಾರಿ ಗಾಡಿಯ ಕೂಗು, ಗುಡಿಯ ಧ್ವನಿವರ್ಧಕ ಇವುಗಳ ವೇಳೆ ನಿಮಗೆ ಗೊತ್ತಿರುತ್ತದೆ. ರಾತ್ರಿ ಹತ್ತರ ಮೇಲೆ ಅಥವಾ ಬೆಳಗಿನ ಐದಕ್ಕೆ ಕೂತರೆ ಅರ್ಧ ಜಗಳ ತಪ್ಪುತ್ತದೆ. ಮಲೆನಾಡಿನವರು ಮಳೆಗಾಲದ ಕಂತುಗಳನ್ನು ಮೇ ತಿಂಗಳಲ್ಲೇ ಮುಗಿಸಿಕೊಳ್ಳುವುದು ಜಾಣತನ. ಹೆಂಚಿನ ಮೇಲಿನ ಮಳೆಯ ಸದ್ದನ್ನು ಯಾವ ತಂತ್ರಾಂಶವೂ ಚೊಕ್ಕವಾಗಿ ತೆಗೆಯಲಾರದು.

ಮೊದಲ ಕೆಲವು ಕಂತಿಗೆ ಫೋನೇ ಸಾಕು. ಜೊತೆಗೆ ಬೋಯಾ ಕಂಪನಿಯದೋ ಬೇರೆಯದೋ ಸಾವಿರ ರೂಪಾಯಿ ಆಸುಪಾಸಿನ ಕಾಲರ್ ಮೈಕ್ ಇದ್ದರೆ ಇನ್ನೂ ಚೆನ್ನ. ಮುಂದುವರಿಯುತ್ತೇನೆ ಎಂದು ಖಚಿತವಾದ ಮೇಲೆ ಸ್ಯಾಮ್ಸನ್ ಕ್ಯೂ2ಯು ಥರದ ಡೈನಮಿಕ್ ಮೈಕ್ ಕೊಳ್ಳಿ. ಅದು ಯುಎಸ್‌ಬಿಯಿಂದ ನೇರವಾಗಿ ಕಂಪ್ಯೂಟರಿಗೂ, ಎಕ್ಸ್‌ಎಲ್‌ಆರ್ ಕೇಬಲ್‌ನಿಂದ ಆಡಿಯೊ ಇಂಟರ್‌ಫೇಸಿಗೂ ಸೇರುವುದರಿಂದ ಮುಂದೆ ಇಬ್ಬರು ಕೂತು ಮಾತಾಡುವ ದಿನ ಬಂದಾಗ ಹಳೆಯದನ್ನು ಬಿಸಾಡಬೇಕಿಲ್ಲ. ಬ್ಲೂಟೂತ್ ಇಯರ್‌ಬಡ್‌ನ ಮೈಕಿನಲ್ಲಿ ಮಾತ್ರ ರೆಕಾರ್ಡ್ ಮಾಡಬೇಡಿ. ಆ ಮೈಕ್ ಚಾಲೂ ಆದೊಡನೆ ಧ್ವನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಮೈಕ್ ಬಾಯಿಂದ ಸುಮಾರು ಅರ್ಧ ಗೇಣು ದೂರದಲ್ಲಿರಲಿ, ಅಂದರೆ ಹತ್ತರಿಂದ ಹದಿನೈದು ಸೆಂಟಿಮೀಟರ್. ನೇರ ಎದುರಿಗೆ ಬೇಡ, ಕೊಂಚ ಓರೆಯಾಗಿ ಕೆನ್ನೆಯ ಕಡೆಗೆ ಇಡಿ. ಪ, ಬ ಅಕ್ಷರಗಳ ಗಾಳಿ ಮೈಕಿಗೆ ಬಡಿದರೆ ಡಬ್ ಡಬ್ ಎನ್ನುತ್ತದೆ; ಫ, ಭ ಮಹಾಪ್ರಾಣಗಳನ್ನು ಒತ್ತಿ ಹೇಳುವವರಿಗೆ ಈ ತೊಂದರೆ ಹೆಚ್ಚು. 'ಭಾರತದ ಭವಿಷ್ಯ, ಫಲವತ್ತಾದ ಭೂಮಿ' ಎಂದು ಹೇಳಿ ರೆಕಾರ್ಡ್ ಮಾಡಿ ಕೇಳಿ, ಸರಿಯಾದ ಓರೆ ಸಿಗುತ್ತದೆ. ದನಿಯ ಏರು ಮಟ್ಟ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಸರಿಮಾಡುವುದು ದುಸ್ತರ, ಮೆಲ್ಲಗೆ ಬಂದದ್ದನ್ನು ಏರಿಸಬಹುದು.

ಅತಿಥಿಯ ಮುಂದೆ

ಮುಂಚಿತವಾಗಿ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿ. ಯಾವ ವಿಷಯಗಳು ಬರುತ್ತವೆ ಎಂದು ತಿಳಿಸಿ, ಪ್ರಶ್ನೆಪಟ್ಟಿ ಮಾತ್ರ ಕಳಿಸಬೇಡಿ. ಕಳಿಸಿದರೆ ಉತ್ತರ ಬರೆದುಕೊಂಡು ಬಂದು ಓದುತ್ತಾರೆ. 'ಕೃಷಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?' ಎಂದರೆ ಭಾಷಣ ಸಿಗುತ್ತದೆ. 'ಕೊಳೆ ಬಂದಿದೆ ಅಂತ ಮೊದಲು ಗೊತ್ತಾಗಿದ್ದು ಹೇಗೆ? ಆವತ್ತು ತೋಟದಲ್ಲಿ ಏನು ಕಂಡಿತು?' ಎಂದರೆ ಉದುರಿ ಬಿದ್ದ ಅಡಿಕೆ, ಅದರ ಮೇಲಿನ ಬಿಳಿ ಬೂಷ್ಟು, ಆ ವರ್ಷದ ಸಾಲ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಅವರು ಹೇಳುವಾಗ 'ಹಾಂ ಹಾಂ, ಹೌದೌದು' ಎಂದು ಹೂಂಗುಟ್ಟುವುದು ನಮ್ಮಲ್ಲಿ ಮರ್ಯಾದೆ, ಆದರೆ ರೆಕಾರ್ಡಿಂಗಿನಲ್ಲಿ ಅದು ಪ್ರತಿ ವಾಕ್ಯದ ಮೇಲೂ ಬಿದ್ದಿರುತ್ತದೆ. ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿ, ಸಾಕು. ಅವರು ಸುಮ್ಮನಾದಾಗ ನೀವೂ ಮೂರು ಸೆಕೆಂಡ್ ಸುಮ್ಮನಿರಿ. ಒಳ್ಳೆಯ ಮಾತು ಬರುವುದು ಅನೇಕ ಸಲ ಆ ಮೌನದ ಆಚೆಗೆ.

ಹಿರಿಯರಾದರೆ ಅವರ ಮನೆಗೇ ಹೋಗಿ, ಅವರು ದಿನವೂ ಕೂರುವ ಜಾಗದಲ್ಲೇ ಕೂರಿಸಿ ಮಾತಾಡಿಸಿ. ಕಾಲರ್ ಮೈಕ್ ಗಂಜಿ ಹಾಕಿದ ಹತ್ತಿ ಸೀರೆಯ ಸೆರಗಿಗೆ ಉಜ್ಜಿದರೆ ಪರಪರ ಸದ್ದು. ರವಿಕೆಯ ಅಂಚಿಗೆ ಸಿಕ್ಕಿಸಿಕೊಳ್ಳಲು ಅವರಿಗೇ ಕೊಡಿ. ಗಾಜಿನ ಬಳೆಯ ಸದ್ದೂ ಮೈಕಿಗೆ ಬೀಳುತ್ತದೆ, ಕೈ ತೊಡೆಯ ಮೇಲಿರಲಿ ಎಂದು ಮೆಲ್ಲಗೆ ಕೇಳಿಕೊಳ್ಳಿ. ರೆಕಾರ್ಡ್ ಶುರುವಾದ ಕೂಡಲೇ ಹೆಸರು ಹೇಳಿಸಿ, ಇದನ್ನು ಪಾಡ್‌ಕಾಸ್ಟ್ ಆಗಿ ಪ್ರಕಟಿಸಲು ಒಪ್ಪಿಗೆ ಇದೆ ಎಂದು ಅವರ ದನಿಯಲ್ಲೇ ಹೇಳಿಸಿಕೊಳ್ಳಿ.

ಅತಿಥಿ ದೂರದಲ್ಲಿದ್ದರೆ ಕರೆಯನ್ನು ರೆಕಾರ್ಡ್ ಮಾಡಬೇಡಿ, ನೆಟ್‌ವರ್ಕ್ ಜೊತೆಗೆ ದನಿಯೂ ಮುರಿಯುತ್ತದೆ. ರಿವರ್‌ಸೈಡ್, ಝೆನ್‌ಕಾಸ್ಟರ್‌ನಂಥ ಸೇವೆಗಳು ಆಯಾ ತುದಿಯ ಧ್ವನಿಯನ್ನು ಅಲ್ಲಲ್ಲೇ ದಾಖಲಿಸಿ ಆಮೇಲೆ ಕಳಿಸುತ್ತವೆ. ಅದೂ ಬೇಡವೆಂದರೆ ಹಳೆಯ ಉಪಾಯವೊಂದಿದೆ. ಇಬ್ಬರೂ ಒಂದು ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡುವುದು, ಇನ್ನೊಂದು ಫೋನನ್ನು ಮುಂದಿಟ್ಟು ತಮ್ಮ ತಮ್ಮ ದನಿ ರೆಕಾರ್ಡ್ ಮಾಡಿಕೊಳ್ಳುವುದು. ಶುರುವಿನಲ್ಲಿ ಇಬ್ಬರೂ 'ಒಂದು, ಎರಡು, ಮೂರು' ಎಂದು ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಎರಡು ಫೈಲುಗಳನ್ನು ಜೋಡಿಸಲು ಆ ಗುರುತು ಸಾಕು.

ಕತ್ತರಿ

ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಧ್ವನಿಯ ಗುಣಮಟ್ಟಕ್ಕೆ ಕೈ ಹಚ್ಚದೆ ಮಾತನ್ನಷ್ಟೇ ಕತ್ತರಿಸಿ: ಎರಡು ಸಲ ಬಂದದ್ದು, ದಾರಿ ತಪ್ಪಿದ್ದು, ನಿಮಗೆ ಇಷ್ಟವಾದರೂ ಕೇಳುಗರಿಗೆ ಬೇಡವಾದದ್ದು. ಉಸಿರು, ಸಣ್ಣ ತಡವರಿಕೆ ಎಲ್ಲ ತೆಗೆದರೆ ಮನುಷ್ಯರೇ ಮಾಯವಾಗುತ್ತಾರೆ, ಅವನ್ನು ಉಳಿಸಿ. ಆಮೇಲೆ ನಾಯ್ಸ್ ರಿಡಕ್ಷನ್. ಇದಕ್ಕಾಗಿಯೇ ರೆಕಾರ್ಡಿಂಗಿನ ಆರಂಭದಲ್ಲಿ ಹತ್ತು ಸೆಕೆಂಡ್ ಯಾರೂ ಮಾತಾಡದೆ ಕೋಣೆಯ ಮೌನವನ್ನು ಹಿಡಿದಿಟ್ಟಿರಬೇಕು. ಆ ಭಾಗವನ್ನು ಮಾದರಿಯಾಗಿ ತೋರಿಸಿದರೆ ತಂತ್ರಾಂಶ ಅಂಥದೇ ಸದ್ದನ್ನು ಉಳಿದೆಡೆ ತಗ್ಗಿಸುತ್ತದೆ. ಹಗುರವಾಗಿ ಬಳಸಿ, ಹೆಚ್ಚಾದರೆ ದನಿ ನೀರಿನೊಳಗೆ ಮುಳುಗಿದಂತಾಗುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನ ಗುಂಯ್‌ ಸದ್ದನ್ನು ಹೈ-ಪಾಸ್ ಫಿಲ್ಟರ್‌ನಿಂದ ತೆಗೆಯಿರಿ, ಏರಿಳಿತ ಹೆಚ್ಚಿದ್ದರೆ ಕಂಪ್ರೆಸರ್ ಹಾಕಿ.

ಕೊನೆಗೆ ಒಟ್ಟು ಗಟ್ಟಿತನ. ಅದನ್ನು ಅಳೆಯುವ ಮಾನ ಲಫ್ಸ್ (LUFS), ಆಪಲ್ ಶಿಫಾರಸು ಮಾಡುವುದು ಮೈನಸ್ 16. ಆಡಾಸಿಟಿಯ ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಮೋನೋವನ್ನು ಡ್ಯುಯಲ್ ಮೋನೋ ಎಂದು ಪರಿಗಣಿಸುವ ಟಿಕ್ ಹಾಗೇ ಇರಲಿ, ಮೈನಸ್ 16 ಎಂದು ಕೊಟ್ಟರೆ ಮುಗಿಯಿತು. ಇದನ್ನು ಬಿಟ್ಟರೆ ಬಸ್ಸಿನಲ್ಲಿ ಕೂತವರಿಗೆ ನಿಮ್ಮ ಕಂತು ಕೇಳುವುದೇ ಇಲ್ಲ. ಮಾತೇ ಮುಖ್ಯವಾದ ಕಂತನ್ನು ಮೋನೋದಲ್ಲೇ ಹೊರತನ್ನಿ: ಎಷ್ಟೋ ಜನ ಒಂದೇ ಕಿವಿಗೆ ಇಯರ್‌ಬಡ್ ಹಾಕಿಕೊಂಡಿರುತ್ತಾರೆ, ಅತಿಥಿ ಎಡಗಿವಿಯಲ್ಲಿ, ನೀವು ಬಲಗಿವಿಯಲ್ಲಿ ಇದ್ದರೆ ಅವರಿಗೆ ಅರ್ಧ ಮಾತು ಮಾತ್ರ. 64 ಕೆಬಿಪಿಎಸ್ ಮೋನೋ ಎಂಪಿ3 ಮಾತಿಗೆ ಸಾಕು. ಅರ್ಧ ಗಂಟೆಯ ಕಂತು ಸುಮಾರು 14 ಎಂಬಿ ಆಗುತ್ತದೆ, ಹಳ್ಳಿಯ ನೆಟ್‌ವರ್ಕಿನಲ್ಲೂ ಇಳಿಯುತ್ತದೆ.

ಫೀಡ್ ನಿಮ್ಮದಿರಲಿ

ಪಾಡ್‌ಕಾಸ್ಟ್‌ನ ಬೇರು ಆರ್‌ಎಸ್‌ಎಸ್ ಫೀಡ್ ಎಂಬ ಒಂದು ವಿಳಾಸ. ಕಂತುಗಳನ್ನು ಒಂದು ಹೋಸ್ಟಿಂಗ್ ಸೇವೆಗೆ ಏರಿಸುತ್ತೀರಿ, ಅದು ಫೀಡ್ ಕೊಡುತ್ತದೆ, ಆ ವಿಳಾಸವನ್ನು ಸ್ಪಾಟಿಫೈ, ಆಪಲ್ ಪಾಡ್‌ಕಾಸ್ಟ್ಸ್ ಮುಂತಾದೆಡೆ ಒಮ್ಮೆ ನೋಂದಾಯಿಸಿದರೆ ಮುಂದಿನ ಕಂತುಗಳು ತಾವಾಗಿಯೇ ಎಲ್ಲ ಕಡೆ ತಲುಪುತ್ತವೆ. ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಉಚಿತ. ಪಾಡ್‌ಬೀನ್, ಬಜ್‌ಸ್ಪ್ರೌಟ್ ಇವೆ. ನಮ್ಮ ದೇಶದ್ದೇ ಆದ ಹಬ್‌ಹಾಪರ್ ಇದೆ. ಯಾವುದನ್ನೇ ಆರಿಸುವ ಮುಂಚೆ, ಬಿಟ್ಟುಹೋಗುವಾಗ ಹಳೆಯ ಫೀಡನ್ನು ಹೊಸದರ ಕಡೆ ತಿರುಗಿಸಿಕೊಡುತ್ತಾರೆಯೇ ಎಂದು ನೋಡಿ. 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಬಾಗಿಲು ಹಾಕಿತು. ಅಷ್ಟು ದೊಡ್ಡ ಆ್ಯಪ್ ಹೋದರೂ ಫೀಡ್ ಇದ್ದವರ ಕಂತುಗಳು ಉಳಿದ ಆ್ಯಪ್‌ಗಳಲ್ಲಿ ಹಾಗೇ ಇದ್ದವು.

ಮುಖಚಿತ್ರ ಚೌಕಾಕಾರವಾಗಿರಬೇಕು, 1400ರಿಂದ 3000 ಪಿಕ್ಸೆಲ್ ಅಗಲ. ಫೋನಿನಲ್ಲಿ ಅದು ಅಂಚೆಚೀಟಿಯಷ್ಟೇ ಕಾಣುವುದರಿಂದ ದಪ್ಪ ಅಕ್ಷರದ ಹೆಸರೊಂದೇ ಸಾಕು. ಮೊದಲು ಒಂದು ನಿಮಿಷದ ಟ್ರೇಲರ್ ಏರಿಸಿ ನೋಂದಣಿ ಮುಗಿಸಿಕೊಳ್ಳಿ, ಒಪ್ಪಿಗೆಗೆ ಕೆಲವು ದಿನ ಹಿಡಿಯಬಹುದು. ಪೂರ್ತಿ ತಯಾರಾದ ಮೂರು ನಾಲ್ಕು ಕಂತು ಕೈಯಲ್ಲಿಲ್ಲದೆ ಘೋಷಣೆ ಮಾಡಬೇಡಿ. ಮನೆಯಲ್ಲಿ ಮದುವೆ, ಜ್ವರ, ಆಫೀಸಿನ ಒತ್ತಡ ಬಂದೇ ಬರುತ್ತವೆ. ಹದಿನೈದು ದಿನಕ್ಕೊಂದು ಕಂತು, ವಾರ ಮತ್ತು ಹೊತ್ತು ನಿಗದಿ. ಕೆಲಸದ ನಡುವೆ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಡ.

ಹಾಡು, ಕಥೆ, ಹಕ್ಕು

ಮೂವತ್ತು ಸೆಕೆಂಡಿನವರೆಗೆ ಸಿನಿಮಾ ಹಾಡು ಬಳಸಬಹುದು ಎಂಬ ನಂಬಿಕೆ ಎಲ್ಲೆಡೆ ಇದೆ. ಅಂಥ ವಿನಾಯಿತಿ ನಮ್ಮ ಕಾನೂನಿನಲ್ಲಿ ಇಲ್ಲ. ಪುರಂದರದಾಸರ ಕೀರ್ತನೆ ಎಲ್ಲರದು, ಆದರೆ ಅದನ್ನು ಇತ್ತೀಚೆಗೆ ಹಾಡಿದವರ ಧ್ವನಿಮುದ್ರಣ ಎಲ್ಲರದಲ್ಲ. ಯೂಟ್ಯೂಬ್ ಆಡಿಯೊ ಲೈಬ್ರರಿಯಂಥ ಕಡೆ ಸಿಗುವ ಸಂಗೀತವನ್ನು ಷರತ್ತು ಓದಿ ಬಳಸಿ, ಇಲ್ಲವೇ ಪರಿಚಯದ ಕಲಾವಿದರಿಂದ ಹತ್ತು ಸೆಕೆಂಡಿನ ವೀಣೆಯನ್ನೋ ಕೊಳಲನ್ನೋ ನುಡಿಸಿಕೊಂಡು ಲಿಖಿತ ಒಪ್ಪಿಗೆ ಪಡೆಯಿರಿ.

ಕಥೆ ಓದುವ ಪಾಡ್‌ಕಾಸ್ಟ್ ಮಾಡುವವರು ಇನ್ನೂ ಎಚ್ಚರವಾಗಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ. ಮಾಸ್ತಿಯವರದು 2046ರವರೆಗೆ, ಕುವೆಂಪು ಅವರದು 2054ರವರೆಗೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು ಬದುಕಿದ್ದಾಗ ಪ್ರಕಟಿಸಿದ ಮಕ್ಕಳ ಕಥೆಗಳನ್ನು ಧಾರಾಳವಾಗಿ ಓದಬಹುದು. ಈಗಿನ ಲೇಖಕರಾದರೆ ಒಂದು ಪತ್ರ ಬರೆದು ಕೇಳಿ. ಓದಿಸಿಕೊಳ್ಳುವ ಆಸೆ ಯಾವ ಲೇಖಕರಿಗಿಲ್ಲ?

ಹಕ್ಕಿನ ಕೆಲಸ ಮುಗಿದು ಕಂತು ಹೊರಬಂದ ಮೇಲೆ, ಕೇಳುಗರನ್ನು ತಲುಪಲು ದೊಡ್ಡ ಪ್ರಚಾರಕ್ಕಿಂತ, ಕಂತಿನಿಂದ ಒಂದು ನಿಮಿಷದ ಗಟ್ಟಿ ತುಣುಕು ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹಾಕುವುದು ಹೆಚ್ಚು ಫಲ ಕೊಡುತ್ತದೆ. ಅಡಿಕೆಯ ಕಂತಾದರೆ ಬೆಳೆಗಾರರ ಗುಂಪಿಗೆ, ಮಕ್ಕಳ ಕಥೆಯಾದರೆ ಹೊರನಾಡಿನ ಕನ್ನಡ ಸಂಘಗಳ ಗುಂಪಿಗೆ. ಮುಖಚಿತ್ರವನ್ನೇ ಹಿನ್ನೆಲೆಯಾಗಿಟ್ಟ ವಿಡಿಯೊ ಮಾಡಿ ಯೂಟ್ಯೂಬಿಗೂ ಹಾಕಿ, ನಮ್ಮಲ್ಲಿ ಹುಡುಕುವವರು ಬಹಳ ಮಂದಿ ಅಲ್ಲೇ ಇರುತ್ತಾರೆ. ಕ್ಯಾಮೆರಾ ಆಮೇಲೆ ನೋಡಿಕೊಳ್ಳಬಹುದು. ಬೆಳಕು, ಬಟ್ಟೆ, ಹಿನ್ನೆಲೆಯ ಚಿಂತೆ ಮೊದಲ ದಿನವೇ ಬಂದರೆ ಮಾತಿನ ಕಡೆ ಗಮನ ಉಳಿಯುವುದಿಲ್ಲ.

ಐದು ಕಂತು ಹೋದ ಮೇಲೆ ಅಂಕಿಅಂಶದ ಪುಟ ತೆರೆಯಿರಿ. ಒಟ್ಟು ಎಷ್ಟು ಜನ ಕೇಳಿದರು ಎಂಬುದಕ್ಕಿಂತ ಯಾವ ನಿಮಿಷದಲ್ಲಿ ಬಿಟ್ಟುಹೋದರು ಎಂಬ ಗೆರೆಯನ್ನು ನೋಡಿ. ಎರಡನೇ ನಿಮಿಷಕ್ಕೇ ಇಳಿದಿದ್ದರೆ ಪೀಠಿಕೆ ಉದ್ದವಾಗಿದೆ. ನಡುವೆ ಒಂದೇ ಕಡೆ ಥಟ್ಟನೆ ಕುಸಿದಿದ್ದರೆ ಆ ಜಾಗವನ್ನು ನೀವೇ ಕೇಳಿ, ಕಾರಣ ಕಿವಿಗೇ ಗೊತ್ತಾಗುತ್ತದೆ. ದುಡ್ಡಿನ ಮಾತು ಮೊದಲ ವರ್ಷ ಬೇಡ. ಆಮೇಲೂ ದೊಡ್ಡ ಜಾಹೀರಾತುಗಳಿಗೆ ಕಾಯುವ ಬದಲು ನಿಮ್ಮ ವಿಷಯಕ್ಕೆ ಹತ್ತಿರದ ಸ್ಥಳೀಯ ಪ್ರಾಯೋಜಕರನ್ನು ಕೇಳಿ: ಅಡಿಕೆಯ ಪಾಡ್‌ಕಾಸ್ಟಿಗೆ ಊರಿನ ಸಹಕಾರ ಸಂಘ, ಮಕ್ಕಳ ಕಥೆಗೆ ಪುಸ್ತಕ ಪ್ರಕಾಶಕರು. ಅವರ ಹೆಸರು ಹೇಳುವಾಗ ಇದು ಪ್ರಾಯೋಜಿತ ಎಂದು ನೇರವಾಗಿ ತಿಳಿಸಿ. ಕೊನೆಯದಾಗಿ, ಪ್ರತಿ ಕಂತಿನ ಕತ್ತರಿಸದ ಮೂಲ ರೆಕಾರ್ಡಿಂಗನ್ನು ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕ್‌ಗಳಲ್ಲಿ ದಿನಾಂಕ, ಊರು, ಮಾತಾಡಿದವರ ಹೆಸರು ಬರೆದು ಇಡಿ, ಅದರಲ್ಲೂ ಹಿರಿಯರ ಮಾತನ್ನು. ಅವರ ಮನೆಯವರಿಗೂ ಒಂದು ಪ್ರತಿ ಕೊಡಿ.